ಪ್ರಳಯದ ಕಥೆಗಳಲ್ಲಿ ಮೊದಲು ಸಾಯುವವರು

2012ರ ಡಿಸೆಂಬರ್. ನವಲಗುಂದದ ಬಸ್ ನಿಲ್ದಾಣದ ಹತ್ತಿರ ಒಂದು ಚಹಾದಂಗಡಿಯಲ್ಲಿ ಟಿ.ವಿ. ಹಚ್ಚಿಟ್ಟಿದ್ದರು. ಆ ತಿಂಗಳ 21ಕ್ಕೆ ಜಗತ್ತು ಮುಳುಗುತ್ತದೆ ಎಂಬುದೇ ಆಗ ವಾಹಿನಿಗಳ ದಿನನಿತ್ಯದ ಸರಕು. ಮಾಯಾ ಜನಾಂಗದ ಪಂಚಾಂಗ ಅಲ್ಲಿಗೆ ಮುಗಿಯುತ್ತದೆ ಎಂದು ಒಬ್ಬರು, ನಮ್ಮ ಕಾಲಜ್ಞಾನಗಳಲ್ಲೂ ಇದರ ಸುಳಿವಿದೆ ಎಂದು ಇನ್ನೊಬ್ಬರು ವಾದಿಸುತ್ತಿದ್ದರು. ಮಾರುಕಟ್ಟೆಯಲ್ಲಿ ಚೀಲ ಹೊರುವ ವಯಸ್ಸಾದ ಹಮಾಲರೊಬ್ಬರು ಬಸಿಯಲ್ಲಿ ಚಹಾ ಸುರುವಿಕೊಂಡು ಕುಡಿಯುತ್ತ ಇದನ್ನೆಲ್ಲ ನೋಡುತ್ತಿದ್ದರು. 'ಅಂಜಿಕಿ ಬರತೈತೇನ್ರಿ ಕಾಕಾ?' ಎಂದು ನಗುತ್ತ ಕೇಳಿದೆ. 'ಎಲ್ಲಾರೂ ಒಮ್ಮಿಗೇ ಹೋಗೂದಾದ್ರ ಅಂಜಿಕಿ ಯಾಕ ತಮ್ಮಾ? ಎಲ್ಲಾರಕಿಂತ ಮೊದಲ ನಾವು ಹೋಗತೇವಲ್ಲ, ಅದರದ ಅಂಜಿಕಿ' ಎಂದರು.

ಆ ದಿನ ಬಂತು, ಹೋಯಿತು. ಮಾಯಾ ಪಂಚಾಂಗದ ಒಂದು ಸುತ್ತು ಮುಗಿದು ಇನ್ನೊಂದು ಸುತ್ತು ಆರಂಭವಾಯಿತು, ಅಷ್ಟೇ. ಹಮಾಲ ಕಾಕಾ ಆಡಿದ ಮಾತು ಮಾತ್ರ ನನ್ನಲ್ಲಿ ಉಳಿಯಿತು. ಜಗತ್ತಿನ ಕೊನೆಯ ಬಗ್ಗೆ ನಾವು ಓದುವ, ನೋಡುವ, ಕೇಳುವ ಕಥನಗಳನ್ನು ಅಳೆಯಲು ಅದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಈವರೆಗೆ ಸಿಕ್ಕಿಲ್ಲ. ಈ ಕಥನಗಳು ಯಾವಾಗ ಎಂದು ಕೇಳುತ್ತವೆ, ಹೇಗೆ ಎಂದು ಕೇಳುತ್ತವೆ. ಯಾರು ಮೊದಲು ಎಂದು ಕೇಳುವುದಿಲ್ಲ.

ಇಂಥ ಭಯಗಳು ನಮಗೆ ಹೊಸವಲ್ಲ. 1962ರ ಫೆಬ್ರವರಿಯಲ್ಲಿ ಮಕರ ರಾಶಿಯಲ್ಲಿ ಎಂಟು ಗ್ರಹಗಳು ಕೂಡುತ್ತವೆಂದು ದೇಶದ ತುಂಬ ಹೋಮ ಹವನಗಳು ನಡೆದವು. 1979ರ ಜುಲೈಯಲ್ಲಿ ಅಮೆರಿಕದ ಸ್ಕೈಲ್ಯಾಬ್ ತಲೆಯ ಮೇಲೆ ಬೀಳುತ್ತದೆಂದು ಮನೆಯಲ್ಲಿದ್ದ ಕೋಳಿಗಳನ್ನೆಲ್ಲ ಕೊಯ್ದು ಉಂಡವರ ಕಥೆಗಳನ್ನು ಹಿರಿಯರಿಂದ ಕೇಳಿದ್ದೇನೆ. ಅದರ ಚೂರುಗಳು ಹಿಂದೂ ಮಹಾಸಾಗರದಲ್ಲೂ ಪಶ್ಚಿಮ ಆಸ್ಟ್ರೇಲಿಯಾದಲ್ಲೂ ಬಿದ್ದವು. ಕೋಳಿಗಳು ಮಾತ್ರ ಮರಳಿ ಬರಲಿಲ್ಲ.

ಮುಸ್ಲಿಮ್ ಮನೆಗಳಲ್ಲೂ ಈ ಸಾಹಿತ್ಯಕ್ಕೆ ಕೊರತೆಯಿಲ್ಲ. 'ಮೌತ್ ಕಾ ಮಂಜರ್' ಎಂಬ ಉರ್ದು ಪುಸ್ತಕವನ್ನು ಕಾಣದ ಮೊಹಲ್ಲಾ ನಮ್ಮ ಸೀಮೆಯಲ್ಲಿ ಕಡಿಮೆ. ಅದರ ಜೊತೆಗೆ ಕಿಯಾಮತ್ತಿನ, ಅಂದರೆ ಅಂತ್ಯದಿನದ, ನಿಶಾನಿಗಳನ್ನು ಪಟ್ಟಿ ಮಾಡುವ ಸಣ್ಣ ಹೊತ್ತಿಗೆಗಳು ಜಾತ್ರೆ, ಉರುಸು, ಇಜ್ತೆಮಾಗಳ ಅಂಗಡಿಗಳಲ್ಲಿ ಬಿಕರಿಯಾಗುತ್ತ ಬಂದಿವೆ. ಈಗ ಅದೇ ಪಟ್ಟಿ ಮೊಬೈಲಿಗೆ ಬಂದಿದೆ. ಪ್ರತಿ ಯುದ್ಧ, ಪ್ರತಿ ಭೂಕಂಪ, ಪ್ರತಿ ಗ್ರಹಣಕ್ಕೂ ಒಂದು ನಿಶಾನಿಯನ್ನು ಹೊಂದಿಸುವುದೇ ಕೆಲವರಿಗೆ ವಿದ್ವತ್ತಾಗಿದೆ.

ಇವುಗಳ ಎದುರಿಗೆ ನಮ್ಮದೇ ಇನ್ನೊಂದು ಪರಂಪರೆಯನ್ನು ಇಟ್ಟು ನೋಡಬೇಕು. ಮೈಲಾರದ ಕಾರ್ಣಿಕದಲ್ಲಿ ಗೊರವಯ್ಯ ಬಿಲ್ಲನ್ನೇರಿ ಒಂದೇ ಒಂದು ನುಡಿ ಆಡುತ್ತಾನೆ. ನೆರೆದ ಸಾವಿರಾರು ಜನ ಅದರಲ್ಲಿ ಆ ವರ್ಷದ ಮಳೆ ಬೆಳೆಯ ಅರ್ಥ ಹುಡುಕುತ್ತಾರೆ. ಮೊಹರಮ್ಮಿನಲ್ಲಿ ಅಲಾಯಿ ದೇವರನ್ನು ಹೊತ್ತವರ ಬಾಯಿಂದಲೂ ಜನ ಕೇಳಬಯಸುವುದು ಮಳೆ ಬೆಳೆಯ ಮಾತನ್ನೇ. ಈ ನುಡಿಗಳು ನಿಜವಾಗುತ್ತವೆಯೋ ಇಲ್ಲವೋ ಎಂಬ ಚರ್ಚೆ ಇಲ್ಲಿ ಬೇಡ. ಕೇಳುವವರ ಪ್ರಶ್ನೆ ಏನೆಂಬುದು ಮುಖ್ಯ. ಈ ವರ್ಷ ಕಾಳು ಬರುತ್ತದೆಯೋ ಇಲ್ಲವೋ ಎಂಬುದು ಬಯಲುಸೀಮೆಯ ರೈತನ ಪ್ರಶ್ನೆ. ಜಗತ್ತಿನ ಕೊನೆ ಎಂದರೆ ಅವನಿಗೆ ಬರವೇ. ಈ ತಿಳುವಳಿಕೆ ಎಷ್ಟು ಸರಿಯಾದದ್ದು ಎಂಬುದನ್ನು ಮುಂದೆ ನೋಡೋಣ.

*

ಆ ದಿನಗಳಲ್ಲಿ ವಾಹಿನಿಗಳು ಮತ್ತೆ ಮತ್ತೆ ತೋರಿಸುತ್ತಿದ್ದದ್ದು 2009ರಲ್ಲಿ ಬಂದ '2012' ಎಂಬ ಹಾಲಿವುಡ್ ಸಿನಿಮಾದ ದೃಶ್ಯಗಳನ್ನು. ರೋಲೆಂಡ್ ಎಮೆರಿಕ್ ಅದರ ನಿರ್ದೇಶಕ. ಸಿನಿಮಾ ಶುರುವಾಗುವುದು ಭಾರತದಲ್ಲಿ, ಒಂದು ಆಳವಾದ ತಾಮ್ರದ ಗಣಿಯಲ್ಲಿ. ಭೂಮಿಯ ಒಡಲು ಕುದಿಯುತ್ತಿದೆ ಎಂದು ಮೊದಲು ಕಂಡುಹಿಡಿಯುವವನು ಸತ್ನಾಮ್ ಎಂಬ ಭಾರತೀಯ ವಿಜ್ಞಾನಿ. ಇದು ಪೂರ್ತಿ ಕಲ್ಪನೆಯೇನಲ್ಲ. ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳನ್ನು ಹುಡುಕುವ ಪ್ರಯೋಗ ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ನಡೆದು, 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳ ಜಾಡು ಅಲ್ಲಿ ಸಿಕ್ಕಿತ್ತು. ಸಿನಿಮಾದಲ್ಲಿ ಸುದ್ದಿ ತಿಳಿದ ದೊಡ್ಡ ದೇಶಗಳು ಗುಟ್ಟಾಗಿ ಭಾರೀ ಹಡಗುಗಳನ್ನು ಕಟ್ಟುತ್ತವೆ. ಒಂದು ಆಸನದ ಬೆಲೆ ನೂರು ಕೋಟಿ ಯುರೊ. ಸುದ್ದಿ ಕೊಟ್ಟ ಸತ್ನಾಮ್‌ನನ್ನೂ ಅವನ ಹೆಂಡತಿ ಮಗುವನ್ನೂ ಕರೆದೊಯ್ಯಲು ಬರಬೇಕಾದ ವಿಮಾನ ಬರುವುದೇ ಇಲ್ಲ. ಗೆಳೆಯನಿಗೆ ಫೋನಿನಲ್ಲಿ ವಿದಾಯ ಹೇಳಿ ಆತ ಸಂಸಾರ ಸಮೇತ ಅಲೆಗೆ ಸಿಕ್ಕಿ ಸಾಯುತ್ತಾನೆ. ಸಿನಿಮಾ ಒಂದೆರಡು ನಿಮಿಷ ದುಃಖಪಟ್ಟು ಅಮೆರಿಕದ ಕುಟುಂಬವೊಂದರ ಕಾರಿನ ಹಿಂದೆ ಓಡುತ್ತದೆ.

ಪ್ರಾಮಾಣಿಕ ದೃಶ್ಯವೆಂದರೆ ಅದೊಂದೇ. ಎಚ್ಚರಿಸಿದವನು ಮುಳುಗಿದ, ಹಣ ಕೊಟ್ಟವನು ಹತ್ತಿದ ಎಂಬ ಸತ್ಯ ನಿರ್ದೇಶಕನ ಕೈಗೆ ಸಿಕ್ಕಿತ್ತು. ಕೊನೆಯಲ್ಲಿ ಹಡಗಿನ ಬಾಗಿಲನ್ನು ಇನ್ನಷ್ಟು ಜನರಿಗೆ ತೆರೆಸಿ, ಮನುಷ್ಯತ್ವ ಗೆದ್ದಿತೆಂದು ಪ್ರೇಕ್ಷಕನನ್ನು ಸಮಾಧಾನಪಡಿಸಿ ಮನೆಗೆ ಕಳಿಸುತ್ತದೆ ಸಿನಿಮಾ. ಹಡಗನ್ನು ಕಟ್ಟಿದ ಕೂಲಿಗಳ ಪಾಡೇನು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಮುಚ್ಚಿಹೋಗುತ್ತದೆ.

ಸಿನಿಮಾದ ಮಾತು ಬಿಡಿ, ಅದು ವ್ಯಾಪಾರ. ಕಳೆದ ಕಾಲು ಶತಮಾನದಲ್ಲಿ ಮನುಕುಲದ ಅಳಿವಿನ ಅಪಾಯಗಳ ಬಗ್ಗೆ ಗಂಭೀರ ಚಿಂತನೆಯೊಂದು ಬೆಳೆದಿದೆ. ತತ್ವಶಾಸ್ತ್ರಜ್ಞ ನಿಕ್ ಬೋಸ್ಟ್ರಮ್ 2002ರಲ್ಲಿ ಬರೆದ ಪ್ರಬಂಧ, ಟೋಬಿ ಆರ್ಡ್ ಅವರು 2020ರಲ್ಲಿ ಪ್ರಕಟಿಸಿದ 'ದಿ ಪ್ರೆಸಿಪಿಸ್' ಎಂಬ ಪುಸ್ತಕ ಇದರಲ್ಲಿ ಮುಖ್ಯವಾದವು. ಅಣುಯುದ್ಧ, ಪ್ರಯೋಗಾಲಯದಲ್ಲಿ ಹುಟ್ಟಬಹುದಾದ ರೋಗಾಣು, ಕ್ಷುದ್ರಗ್ರಹ, ಮಹಾ ಜ್ವಾಲಾಮುಖಿ, ಹವಾಮಾನ ಬದಲಾವಣೆ, ಕೃತಕ ಬುದ್ಧಿಮತ್ತೆ ಇವುಗಳನ್ನು ಒಂದೊಂದಾಗಿ ತೂಗಿ, ಈ ಶತಮಾನದಲ್ಲಿ ಮನುಕುಲದ ಭವಿಷ್ಯವೇ ಮುರಿದುಬೀಳುವ ಸಂಭವ ಆರರಲ್ಲಿ ಒಂದು ಎಂದು ಆರ್ಡ್ ಅಂದಾಜು ಮಾಡುತ್ತಾರೆ. ಕೃತಕ ಬುದ್ಧಿಮತ್ತೆಯ ಅಪಾಯವನ್ನು ಮಹಾಮಾರಿ ಮತ್ತು ಅಣುಯುದ್ಧಗಳ ಸಾಲಿನಲ್ಲಿಟ್ಟು ನೋಡಬೇಕೆಂದು 2023ರಲ್ಲಿ ನೂರಾರು ತಜ್ಞರು ಸಹಿ ಹಾಕಿದರು. ಅಮೆರಿಕದ ಅಣುವಿಜ್ಞಾನಿಗಳ ಪತ್ರಿಕೆಯೊಂದು 1947ರಿಂದ ತೋರಿಸುತ್ತ ಬಂದಿರುವ ಸಾಂಕೇತಿಕ ಗಡಿಯಾರವನ್ನು 2025ರ ಜನವರಿಯಲ್ಲಿ ಮಧ್ಯರಾತ್ರಿಗೆ 89 ಸೆಕೆಂಡು ದೂರದಲ್ಲಿ ನಿಲ್ಲಿಸಿದರು.

ಈ ಚಿಂತಕರನ್ನು ಟಿ.ವಿ. ಜ್ಯೋತಿಷಿಗಳ ಸಾಲಿಗೆ ಸೇರಿಸುವುದು ಅನ್ಯಾಯ. ಅವರು ದಿನಾಂಕ ಹೇಳುವುದಿಲ್ಲ, ಕಾರಣ ಹೇಳುತ್ತಾರೆ, ತಡೆಯುವ ದಾರಿ ಹುಡುಕುತ್ತಾರೆ. ಆದರೂ ಅವರ ಲೆಕ್ಕದಲ್ಲಿ ಒಂದು ಮಿತಿಯಿದೆ. ಮನುಕುಲ ಪೂರ್ತಿ ಅಳಿಯುವ ಅಥವಾ ಮತ್ತೆಂದೂ ಏಳದಂತೆ ಬೀಳುವ ಅಪಾಯವನ್ನು ಅವರು ಪ್ರತ್ಯೇಕ ದರ್ಜೆಗೆ ಸೇರಿಸುತ್ತಾರೆ. ಉಳಿದ ಬರ, ಪಿಡುಗು, ಯುದ್ಧಗಳು ಎಷ್ಟೇ ಭೀಕರವಾಗಿದ್ದರೂ ಮನುಕುಲದ ದೀರ್ಘ ಹಾದಿಯನ್ನು ಬದಲಿಸಲಿಲ್ಲ ಎಂಬುದು ಬೋಸ್ಟ್ರಮ್ ಅವರ ಪ್ರಬಂಧದ ಧಾಟಿ. ಲಂಡನ್ನಿನ ಮಗ್ಗುಲಿನ ಆಕ್ಸ್‌ಫರ್ಡ್‌ನಲ್ಲಿ ಕೂತು ನೋಡಿದರೆ ಇದು ಸರಿ ಇರಬಹುದು. ನವಲಗುಂದದಲ್ಲಿ ಕೂತು ನೋಡಿದರೆ ಏನು ಕಾಣುತ್ತದೆ?

*

ಕಾಣುವುದು 1876. ಧಾತು, ಈಶ್ವರ ಸಂವತ್ಸರಗಳ ಬರ ಎಂದು ಹಳಬರು ಹೆಸರಿಡುತ್ತಿದ್ದದ್ದು ಇದಕ್ಕೇ. ಅದಕ್ಕೂ ಮೊದಲು 1791-92ರಲ್ಲಿ ಡೋಗಿ ಬರ, ಅಂದರೆ ತಲೆಬುರುಡೆಯ ಬರ, ಬಂದುಹೋಗಿತ್ತು. ಹೂಳುವವರಿಲ್ಲದೆ ಬಯಲಲ್ಲಿ ಬಿದ್ದ ಎಲುಬುಗಳಿಂದ ಅದಕ್ಕೆ ಆ ಹೆಸರು. 1876ರಲ್ಲಿ ಮುಂಗಾರೂ ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು. ಮುಂಬಯಿ, ಮದರಾಸು ಪ್ರಾಂತಗಳು, ಮೈಸೂರು, ಹೈದರಾಬಾದು ಸಂಸ್ಥಾನಗಳು ಎಲ್ಲವೂ ಇದರ ಬಾಯಿಗೆ ಬಿದ್ದವು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1872ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಹತ್ತಿರ ಹತ್ತಿರ 10 ಲಕ್ಷ. 1881ರಲ್ಲಿ ಅದು 9 ಲಕ್ಷವನ್ನೂ ಮುಟ್ಟಲಿಲ್ಲ. ಸತ್ತವರು, ಗುಳೆ ಹೋದವರು, ಹುಟ್ಟದೇ ಉಳಿದವರು ಎಲ್ಲರೂ ಆ ಒಂದು ಲಕ್ಷದಲ್ಲಿದ್ದಾರೆ. ಬರ ಬಿದ್ದ ಪ್ರದೇಶಗಳಲ್ಲೆಲ್ಲ ಸೇರಿ ಸತ್ತವರು 55 ಲಕ್ಷಕ್ಕೂ ಹೆಚ್ಚು ಎಂಬುದು ಇತಿಹಾಸಕಾರರ ಕಡಿಮೆ ಅಂದಾಜು.

ಮಳೆ ನಿಂತದ್ದಕ್ಕೆ ಮನುಷ್ಯ ಕಾರಣನಲ್ಲ. ಪೆಸಿಫಿಕ್ ಸಾಗರ ಕಾದು, ಎಲ್ ನಿನೊ ಎಂದು ಈಗ ನಾವು ಕರೆಯುವ ವಿದ್ಯಮಾನ ಆ ವರ್ಷಗಳಲ್ಲಿ ಬಲು ಜೋರಾಗಿತ್ತು. ಚೀನಾದ ಉತ್ತರ ಭಾಗ, ಬ್ರೆಜಿಲ್ಲಿನ ಈಶಾನ್ಯ ಭಾಗಗಳೂ ಅದೇ ಕಾಲಕ್ಕೆ ಒಣಗಿದವು. ಒಂದು ಅರ್ಥದಲ್ಲಿ ಅದು ಜಾಗತಿಕ ದುರಂತವೇ. ಅಮೆರಿಕದ ಲೇಖಕ ಮೈಕ್ ಡೇವಿಸ್ 2001ರಲ್ಲಿ ಈ ಬರಗಳ ಬಗ್ಗೆ ಒಂದು ದೊಡ್ಡ ಪುಸ್ತಕವನ್ನೇ ಬರೆದರು. ಅವರು ಎತ್ತಿದ ಪ್ರಶ್ನೆ ಇಷ್ಟೇ: ಮಳೆ ನಿಲ್ಲಿಸಿದ್ದು ಸಾಗರವಾದರೆ ಜನರನ್ನು ಕೊಂದದ್ದು ಯಾರು?

1877ರ ಜನವರಿ 1ರಂದು ದಿಲ್ಲಿಯಲ್ಲಿ ವೈಸರಾಯ್ ಲಿಟ್ಟನ್ ಭಾರೀ ದರ್ಬಾರು ನಡೆಸಿ ವಿಕ್ಟೋರಿಯಾಳನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದ. ಅದೇ ತಿಂಗಳು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಬರದ ಸೀಮೆಗೆ ಕಳಿಸಿದ. ಖರ್ಚು ಉಳಿಸುವುದೇ ಟೆಂಪಲ್‌ನ ಕೆಲಸ. ಬರಗಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಕಾಳು ಮತ್ತು ಒಂದಾಣೆ ಸಾಕೆಂದು ಆತ ಲೆಕ್ಕ ಹಾಕಿದ. ದುಡಿಯುವ ಮನುಷ್ಯನಿಗೆ ಇದು ಸಾಲದು ಎಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಬರೆದು ವಾದಿಸಿದ. ಮುಂಬಯಿ ಪ್ರಾಂತದ ಕೆಲವೆಡೆ ಬರಗಾಮಗಾರಿಯ ಕೂಲಿಕಾರರು ಕೆಲಸ ಬಿಟ್ಟು ಎದ್ದು ಹೋದರು. ಹಸಿದವರು ಹೂಡಿದ ಮುಷ್ಕರ ಅದು! ಇತ್ತ 1877-78ರಲ್ಲಿ ಭಾರತದಿಂದ ಇಂಗ್ಲೆಂಡಿಗೆ ಹೋದ ಗೋಧಿ 3 ಲಕ್ಷ ಟನ್ನಿಗೂ ಹೆಚ್ಚು. ನಮ್ಮ ಎರೆ ಹೊಲಗಳೂ ಅಷ್ಟರಲ್ಲಿ ಮ್ಯಾಂಚೆಸ್ಟರಿನ ಲೆಕ್ಕದ ಪುಸ್ತಕ ಸೇರಿದ್ದವು. 1860ರ ದಶಕದ ಅಮೆರಿಕದ ಅಂತರ್ಯುದ್ಧದಲ್ಲಿ ಹತ್ತಿಯ ಬೆಲೆ ಏರಿ, ಯುದ್ಧ ಮುಗಿದೊಡನೆ ಕುಸಿದಿತ್ತು. ಬೆಳೆದವನಿಗೆ ಉಳಿದದ್ದು ಸಾಲ. 'ಬರಗಾಲದಾಗ ಅಧಿಕಮಾಸ' ಎಂಬ ಗಾದೆಯನ್ನು ನಾವು ಈಗ ನಗೆಗೆ ಬಳಸುತ್ತೇವೆ. ಹಸಿವಿನ ವರ್ಷಕ್ಕೆ ಇನ್ನೊಂದು ತಿಂಗಳು ಸೇರಿದರೆ ಏನಾಗುತ್ತದೆ ಎಂದು ಬಲ್ಲವರು ಕಟ್ಟಿದ ಗಾದೆ ಅದು.

ಹೀಗೆ ಸತ್ತವರಿಗೆ ನಾಗರಿಕತೆ ಎಂಬುದು 1877ರಲ್ಲೇ ಮುಗಿದಿತ್ತು. ಆದರೆ ಅದು ಎಲ್ಲರಿಗೂ ಒಂದೇ ದಿನ ಮುಗಿಯಲಿಲ್ಲ. ಮೊದಲು ಭೂಮಿ ಇಲ್ಲದವರಿಗೆ, ಆಮೇಲೆ ನೇಕಾರರಿಗೆ, ಆಮೇಲೆ ಸಣ್ಣ ರೈತರಿಗೆ ಸರದಿಯಂತೆ ಬಂತು. ಸಾಹುಕಾರನ ಹಗೇವಿನ ತನಕ ಬರಲೇ ಇಲ್ಲ. ಕಾಳು ಇರುವುದು ಬೇರೆ, ಕಾಳು ಕೊಳ್ಳುವ ಶಕ್ತಿ ಇರುವುದು ಬೇರೆ ಎಂದು 1981ರಲ್ಲಿ ಅಮರ್ತ್ಯ ಸೇನ್ ಶಾಸ್ತ್ರೀಯವಾಗಿ ತೋರಿಸಿಕೊಟ್ಟದ್ದು ಈ ಸತ್ಯವನ್ನೇ.

ಇದು ಮುಗಿದುಹೋದ ಮಾತಲ್ಲ. 2022ರಲ್ಲಿ 'ನೇಚರ್ ಫುಡ್' ಪತ್ರಿಕೆಯಲ್ಲಿ ವಿಜ್ಞಾನಿಗಳ ತಂಡವೊಂದು ಅಣುಯುದ್ಧದ ನಂತರ ಏನಾಗಬಹುದೆಂದು ಲೆಕ್ಕ ಹಾಕಿ ಪ್ರಕಟಿಸಿತು. ಭಾರತ ಪಾಕಿಸ್ತಾನಗಳ ನಡುವೆ ಅಣುಯುದ್ಧವಾದರೆ ಸುಡುವ ನಗರಗಳ ಮಸಿ ಮೇಲಕ್ಕೆದ್ದು, ಬಿಸಿಲು ಕಡಿಮೆಯಾಗಿ, ಪ್ರಪಂಚದ ಬೆಳೆ ಕುಸಿದು, 200 ಕೋಟಿಗೂ ಹೆಚ್ಚು ಜನ ಸಾಯಬಹುದು ಎಂಬುದು ಅದರ ಸಾರ. ಬಾಂಬಿಗೆ ಸಾಯುವವರಿಗಿಂತ ಹಸಿವಿಗೆ ಸಾಯುವವರೇ ಎಷ್ಟೋ ಪಟ್ಟು ಹೆಚ್ಚು. ಅಂದರೆ ಅತ್ಯಾಧುನಿಕ ವಿಜ್ಞಾನ ಚಿತ್ರಿಸುವ ಪ್ರಳಯವೂ ಕೊನೆಗೆ ಬರವೇ. ಮೈಲಾರದಲ್ಲಿ ಮಳೆ ಬೆಳೆಯ ಮಾತಿಗೆ ಕಿವಿಗೊಟ್ಟು ನಿಂತ ರೈತ ಟಿ.ವಿ.ಯ ಪಂಡಿತನಿಗಿಂತ ಈ ವಿಜ್ಞಾನಿಗಳಿಗೆ ಹತ್ತಿರದವನು. ಆಗಲೂ ಕಾಳು ಇದ್ದವನ ಮನೆಗೆ ಸಾವು ಕೊನೆಗೆ ಬರುತ್ತದೆ, ಚೀಲ ಹೊರುವವನ ಮನೆಗೆ ಮೊದಲು.

*

ಪ್ರಳಯದ ಕಥೆಗಳಲ್ಲಿ ಇನ್ನೊಂದು ಚಾಳಿಯೂ ಇದೆ. ಹೆದರಿದ ಜನಕ್ಕೆ ಅವು ಅಪರಾಧಿಯನ್ನು ಹುಡುಕಿ ಕೊಡುತ್ತವೆ. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಬಂದಾಗ ದಿಲ್ಲಿಯ ತಬ್ಲೀಗಿ ಮರ್ಕಜ್‌ನ ಹೆಸರಿನಲ್ಲಿ ಇಡೀ ಸಮುದಾಯವನ್ನೇ ರೋಗದ ಬೀಜವೆಂದು ಚಿತ್ರಿಸಲಾಯಿತು. ತರಕಾರಿ ಮಾರುವ ಹುಡುಗನ ಹೆಸರು ಕೇಳಿ ಗಾಡಿ ತಿರುಗಿಸಿ ಕಳಿಸಿದ ಓಣಿಗಳಿದ್ದವು. ವಿದೇಶಿ ತಬ್ಲೀಗಿಗಳನ್ನು ಬಲಿಪಶು ಮಾಡಲಾಯಿತೆಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಅದೇ ವರ್ಷದ ಆಗಸ್ಟಿನಲ್ಲಿ ಹೇಳಿತು. ಆ ತೀರ್ಪನ್ನು ಸುದ್ದಿ ವಾಹಿನಿಗಳು ಆರೋಪದಷ್ಟು ಹೊತ್ತು ತೋರಿಸಲಿಲ್ಲ.

ನೂರ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಪ್ಲೇಗು ಬಂದಾಗಲೂ ಇಂಥದೇ ವದಂತಿ, ಭಯಗಳಿದ್ದವು. ಆಗ ರಷ್ಯಾ ಮೂಲದ ಯಹೂದಿ ವಿಜ್ಞಾನಿ ಹಾಫ್‌ಕಿನ್ ಮುಂಬಯಿಯಲ್ಲಿ ಲಸಿಕೆ ತಯಾರಿಸಿದ. ಜನ ಹೆದರಿ ಹಿಂದೆ ಸರಿದಾಗ ಮೂರನೆಯ ಆಗಾ ಖಾನ್ ತಮ್ಮ ಸಮುದಾಯದವರ ಎದುರಿಗೇ ಚುಚ್ಚಿಸಿಕೊಂಡು ಧೈರ್ಯ ತುಂಬಿದರು. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಸಾವಿರ ಸಾವಿರ ಜನ ಆ ಲಸಿಕೆ ಹಾಕಿಸಿಕೊಂಡರು. ಪ್ಲೇಗಿನ ಚರಿತ್ರೆಯಲ್ಲಿ ಹುಬ್ಬಳ್ಳಿಯ ಹೆಸರು ಉಳಿದದ್ದು ಇದರಿಂದ. ಒಬ್ಬ ಯಹೂದಿ ವಿಜ್ಞಾನಿ, ಒಬ್ಬ ಮುಸ್ಲಿಮ್ ಮುಖಂಡ, ಹುಬ್ಬಳ್ಳಿಯ ಎಲ್ಲ ಜಾತಿಯ ಜನ ಸೇರಿ ಪ್ರಳಯವನ್ನು ಒಂದಿಷ್ಟು ಹಿಂದೆ ತಳ್ಳಿದ ಈ ಕಥೆಯನ್ನು ಯಾರೂ ಸಿನಿಮಾ ಮಾಡಿಲ್ಲ.

*

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಕಿಯಾಮತ್ತಿನ ಹೊತ್ತಿಗೆಗಳ ಮೇಲೆ ನನಗಿರುವ ದೊಡ್ಡ ತಕರಾರು, ಅವು ಕುರ್‌ಆನನ್ನು ಅರ್ಧಕ್ಕೇ ಓದುತ್ತವೆ ಎಂಬುದು. ಆ ಘಳಿಗೆಯ ಜ್ಞಾನ ಅಲ್ಲಾಹನಿಗೆ ಮಾತ್ರ ಎಂದು ಅಲ್ಲಿ ಸ್ಪಷ್ಟವಾಗಿದ್ದರೂ ಇವರು ದಿನ ಎಣಿಸುತ್ತಾರೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. 'ತಕ್‌ವೀರ್' ಎಂಬ ಅಧ್ಯಾಯದಲ್ಲಿ ಸೂರ್ಯ ಸುತ್ತಿಕೊಳ್ಳುವುದು, ನಕ್ಷತ್ರ ಉದುರುವುದು, ಪರ್ವತ ಚಲಿಸುವುದು, ಸಮುದ್ರ ಕುದಿಯುವುದು ಎಲ್ಲ ಬರುತ್ತದೆ. ಹೊತ್ತಿಗೆಗಳೂ ಬಯಾನುಗಳೂ ಇಷ್ಟನ್ನು ಬಣ್ಣಿಸಿ ನಿಲ್ಲುತ್ತವೆ. ಆ ವಿಶ್ವವ್ಯಾಪಿ ಚಿತ್ರದ ನಡುವೆ ಅಧ್ಯಾಯವು ತಟ್ಟನೆ ಒಂದು ಹೆಣ್ಣುಮಗುವಿನ ಕಡೆಗೆ ತಿರುಗುತ್ತದೆ. ಜೀವಂತ ಹೂಳಲ್ಪಟ್ಟ ಆ ಮಗುವನ್ನು, ನಿನ್ನನ್ನು ಯಾವ ಅಪರಾಧಕ್ಕೆ ಕೊಂದರು ಎಂದು ವಿಚಾರಿಸಲಾಗುತ್ತದೆ. ಆಕಾಶವೇ ಕಳಚಿ ಬೀಳುವಾಗ ಮೊದಲ ವಿಚಾರಣೆ ಒಂದು ಬಡಪಾಯಿ ಮಗುವಿನದು! ನಮ್ಮ ಪ್ರವಚನಕಾರರಿಗೆ ನಕ್ಷತ್ರ ಬೇಕು, ಮಗು ಬೇಡ.

ನೂಹ್ ಪ್ರವಾದಿಯ ಹಡಗಿನ ಕಥೆಯೂ ಹೀಗೆಯೇ. ಜಲಪ್ರಳಯದ ವರ್ಣನೆ ಎಲ್ಲರಿಗೂ ಗೊತ್ತು. ಊರ ಪ್ರಮುಖರು ನೂಹರ ಮೇಲೆ ಹಾಕಿದ ಆಕ್ಷೇಪ ಏನೆಂಬುದು ಎಷ್ಟು ಜನಕ್ಕೆ ನೆನಪಿದೆ? ನಿನ್ನ ಹಿಂದೆ ಬಂದವರೆಲ್ಲ ಕೀಳು ಜನ ಎಂಬುದೇ ಅವರ ಆಕ್ಷೇಪ. ನಂಬಿ ಬಂದವರನ್ನು ನಾನು ಓಡಿಸಲಾರೆ ಎಂಬುದು ನೂಹರ ನಿಲುವು. ಹಾಲಿವುಡ್ಡಿನ ಹಡಗಿಗೆ ನೂರು ಕೋಟಿಯ ಚೀಟಿ ಬೇಕು. ನೂಹರ ಹಡಗಿನಲ್ಲಿ ಪ್ರವಾದಿಯ ಸ್ವಂತ ಮಗನಿಗೂ ಹುಟ್ಟಿನ ಬಲದಿಂದ ಜಾಗ ಸಿಗಲಿಲ್ಲ.

ಬರವನ್ನು ಆಳುವವನು ಹೇಗೆ ಎದುರಿಸಬೇಕು ಎಂಬುದಕ್ಕೂ ನಮ್ಮಲ್ಲಿ ಉದಾಹರಣೆಯಿದೆ. ಹಿಜರಿ 18ರಲ್ಲಿ ಅರಬಸ್ತಾನದಲ್ಲಿ ಬೂದಿಯ ವರ್ಷ ಎಂದು ಹೆಸರಾದ ಬರ ಬಿತ್ತು. ಜನಕ್ಕೆ ಸಿಗುವ ತನಕ ತಾನು ತುಪ್ಪ ಮುಟ್ಟುವುದಿಲ್ಲ ಎಂದು ಖಲೀಫ ಉಮರ್ ವ್ರತ ಹಿಡಿದರು, ದೂರದ ಪ್ರಾಂತಗಳಿಂದ ಕಾಳು ತರಿಸಿದರು, ಹಸಿದು ಕದ್ದವನ ಮೇಲಿನ ಶಿಕ್ಷೆಯನ್ನು ತಡೆಹಿಡಿದರು. ಬೀದರ ಸುಲ್ತಾನನ ಕಣಜವನ್ನು ಹಸಿದವರಿಗೆ ತೆರೆದ ಮಂಗಳವೇಢೆಯ ದಾಮಾಜಿ ಪಂತನ ಕಥೆಯೂ ಇದೇ ನೀತಿಯದು. ಇವುಗಳ ಪಕ್ಕದಲ್ಲಿ ಟೆಂಪಲ್‌ನ 450 ಗ್ರಾಂ ಇಟ್ಟು ನೋಡಿದರೆ ಪ್ರಳಯ ಆಕಾಶದಿಂದ ಎಷ್ಟು ಬರುತ್ತದೆ, ಕಚೇರಿಯಿಂದ ಎಷ್ಟು ಬರುತ್ತದೆ ಎಂಬುದು ತಿಳಿಯುತ್ತದೆ.

ಸಾಹಿತಿಗಳಾದ ನಮ್ಮ ಲೆಕ್ಕವೂ ಶುದ್ಧವಾಗಿಲ್ಲ. ಕನ್ನಡದ ಹಳೆಯ ಗದ್ಯಕೃತಿ ವಡ್ಡಾರಾಧನೆಯಲ್ಲಿ ಭದ್ರಬಾಹು ಹನ್ನೆರಡು ವರ್ಷದ ಬರ ಬರುವುದೆಂದು ಮೊದಲೇ ತಿಳಿಸುತ್ತಾರೆ. ಅವರ ಸಂಘ ದಕ್ಷಿಣಕ್ಕೆ ಹೊರಡುತ್ತದೆ. ಅಲ್ಲಿ ಭವಿಷ್ಯದ ಮಾತು ಒಂದು ಸಿದ್ಧತೆಗೆ ದಾರಿಯಾಗುತ್ತದೆ. ಅಷ್ಟು ಹಿಂದೆಯೇ ಬರದ ಕಥೆ ಹೇಳಿದ ಭಾಷೆ ನಮ್ಮದು. ಧಾರವಾಡ ಸೀಮೆ ಇಷ್ಟೊಂದು ಕವಿ, ಕಥೆಗಾರರನ್ನು ಕೊಟ್ಟಿದೆ. ಆದರೂ ನಮ್ಮ ಹೊಲಗಳಲ್ಲೇ ನಡೆದ 1877ನ್ನು ಪ್ರಳಯವೆಂದು ಗುರುತಿಸಿ ಬರೆಯಲು ನನ್ನ ತಲೆಮಾರಿನವರು ಕೈಹಾಕಿದ್ದು ಕಡಿಮೆ. ನಾನೇ ಹಿಂದೊಮ್ಮೆ ಕಿಯಾಮತ್ತಿನ ಮೇಲೆ ಒಂದು ಕಥೆ ಬರೆದಿದ್ದೆ. ಅದರ ಕೊನೆಯಲ್ಲಿ ಸಾಹುಕಾರನೂ ಹಮಾಲನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಓದಿದವರು ಮೆಚ್ಚಿದರು. ಚಹಾದಂಗಡಿಯ ಕಾಕಾನ ಮಾತು ಕೇಳಿದ ಮೇಲೆ ಆ ಕಥೆಯನ್ನು ನಾನು ಸಂಕಲನಕ್ಕೆ ಸೇರಿಸಲಿಲ್ಲ. ಮಹ್‌ಶರಿನ ಮೈದಾನದಲ್ಲಿ ಸಿಗುವ ಸಮಾನತೆಯನ್ನು ಭೂಮಿಯ ಮೇಲಿನ ಸಾವಿಗೆ ಹಚ್ಚಿ ನಾನು ಓದುಗರಿಗೆ ಸುಳ್ಳು ಸಮಾಧಾನ ಕೊಟ್ಟಿದ್ದೆ.

ನವಲಗುಂದದ ಜನಕ್ಕೆ ಜಗತ್ತಿನ ಕೊನೆಯ ಪಾಠವನ್ನು ಯಾರೂ ಕಲಿಸಬೇಕಾಗಿಲ್ಲ. 1980ರ ಜುಲೈ 21ರಂದು ಮಲಪ್ರಭೆಯ ನೀರು ಹೊಲಕ್ಕೆ ಬರುವ ಮೊದಲೇ ಕರ ಕೇಳಿದ್ದಕ್ಕೆ ರೈತರು ಎದ್ದು ನಿಂತು ಗುಂಡೇಟು ತಿಂದ ಊರು ಇದು. ಬೆಣ್ಣಿಹಳ್ಳ 2009ರಲ್ಲೂ 2019ರಲ್ಲೂ ಉಕ್ಕಿ ಹೊಲ ಮನೆ ನುಂಗಿದ್ದನ್ನು ಕಂಡಿದೆ. ಮಹಾದಾಯಿಯ ಕುಡಿಯುವ ನೀರಿಗಾಗಿ 2015ರಿಂದ ವರ್ಷಗಟ್ಟಲೆ ಧರಣಿ ಕೂತಿದೆ. ಬರ, ನೆರೆ ಎರಡನ್ನೂ ಒಂದೇ ಹಳ್ಳದ ದಂಡೆಯಲ್ಲಿ ಕಂಡವರಿಗೆ ಹವಾಮಾನ ಬದಲಾವಣೆ ಎಂಬುದು ದೂರದ ಮಾತಲ್ಲ.

ಕಿಯಾಮತ್ ಬಂದೇಬಿಟ್ಟಾಗಲೂ ಕೈಯಲ್ಲಿ ಸಸಿ ಇದ್ದರೆ, ಸಾಧ್ಯವಾದರೆ ಅದನ್ನು ನೆಟ್ಟುಬಿಡಿ ಎಂಬ ಅರ್ಥದ ಪ್ರವಾದಿವಚನವೊಂದು ಮುಸ್ನದ್ ಅಹ್ಮದ್‌ನಲ್ಲಿದೆ. ನಿಶಾನಿಗಳ ಪಟ್ಟಿ ಮಾಡುವವರು ಇದನ್ನು ಹೆಚ್ಚಾಗಿ ಬಿಟ್ಟುಬಿಡುತ್ತಾರೆ, ಏಕೆಂದರೆ ಇದರಲ್ಲಿ ಹೆದರಿಸುವಂಥದ್ದು ಏನೂ ಇಲ್ಲ, ಕೆಲಸ ಇದೆ. ಇನ್ನೊಂದು ಸಲ ಯಾರಾದರೂ ಜಗತ್ತು ಮುಳುಗುವ ದಿನಾಂಕ ಹೇಳಿದರೆ, ಸಿನಿಮಾ ತೋರಿಸಿದರೆ, ಪುಸ್ತಕ ಬರೆದರೆ, ಅದನ್ನು ತಳ್ಳಿಹಾಕುವ ಮೊದಲು ಒಂದು ಪ್ರಶ್ನೆ ಕೇಳೋಣ. ನಿಮ್ಮ ಕಥೆಯಲ್ಲಿ ಚೀಲ ಹೊರುವವನು ಎಷ್ಟನೆಯ ಪುಟದಲ್ಲಿ ಸಾಯುತ್ತಾನೆ, ಅವನನ್ನು ಉಳಿಸಲು ಯಾರು ಏನು ಮಾಡಿದರು? ಉತ್ತರ ಇಲ್ಲದಿದ್ದರೆ ಆ ಕಥೆ ಅರ್ಧವೇ ಆಗಿದೆ. ಉಳಿದರ್ಧವನ್ನು ನಾವೇ ಬರೆಯಬೇಕು.